ಸಮಸ್ಯಾಪೂರಣ: ಒಂದು ಕಳೆದರು ಲೆಕ್ಕ ಕುಂದಲಿಲ್ಲ

ಪೃಚ್ಛಕ: ಸಮಸ್ಯೆಯ ಸಾಲು ಮೇಲಿದೆ, ಅದೇ ಕೊನೆಯ ಸಾಲಾಗುವಂತೆ ಪದ್ಯ ಕಟ್ಟಬೇಕು. ಪಂಚಮಾತ್ರಾ ಚೌಪದಿ, ಆದಿಪ್ರಾಸ ಕಡ್ಡಾಯ. ವಸ್ತು, ಸೆಂಟ್ರೋಮಿಯರಿನ (ಕ್ರೋಮೋಸೋಮಿನ ಎರಡು ತೋಳು ಕೂಡುವ ಸೊಂಟದ) ಜಾಗ ನೋಡಿ ಕ್ರೋಮೋಸೋಮುಗಳನ್ನು ವಿಂಗಡಿಸುವುದು. ಲಿಂಗ ಕ್ರೋಮೋಸೋಮು ಬಿಟ್ಟು ಬೇರೆ ಯಾವುದು ಒಂದು ಪೂರ್ತಿ ಕಳೆದರೂ ಭ್ರೂಣ ಉಳಿಯುವುದು ತೀರಾ ಅಪರೂಪ. ಆದರೂ ‘ಕುಂದಲಿಲ್ಲ’ ಎಂದು ಸಾಧಿಸಬೇಕು.

ಚಂಪೂಪ್ರಿಯ:

ಹೊಂದೆ ಹದಿನಾಲ್ಕರೊಳು ಮೂರೇಳ ನೀಳ್ದೋಳು
ಸಂದುವೈ ಗಿಡ್ಡತೋಳೆರಡುಮಲ್ಲಿ
ಮಂದೆಯಿರೆ ಮಿಕ್ಕೆಂಟರೊಳು ಜೀನ ನಕಲುಗಳ
ಒಂದು ಕಳೆದರು ಲೆಕ್ಕ ಕುಂದಲಿಲ್ಲ

ಮೂರೇಳು ಅಂದರೆ 21. ಅದರ ಉದ್ದ ತೋಳು 14ಕ್ಕೆ ಬೆಸೆದುಕೊಂಡಿದೆ, ಎರಡರ ಗಿಡ್ಡ ತೋಳುಗಳೂ ಕಳೆದಿವೆ. ಮನುಷ್ಯನಲ್ಲಿ 13, 14, 15, 21, 22 ಅಕ್ರೋಸೆಂಟ್ರಿಕ್, ಅಂದರೆ ಸೆಂಟ್ರೋಮಿಯರ್ ತುದಿಯ ಹತ್ತಿರವಿದ್ದು ಒಂದು ತೋಳು ತೀರಾ ಗಿಡ್ಡ. ಐದು ಜೋಡಿಗೆ ಹತ್ತು ಗಿಡ್ಡ ತೋಳು. ಅವುಗಳಲ್ಲಿರುವುದು ಮುಖ್ಯವಾಗಿ ರೈಬೋಸೋಮ್ ಆರ್‌ಎನ್‌ಎ ಜೀನಿನ ನಕಲುಗಳು, ಎರಡು ತೋಳು ಹೋದರೂ ಎಂಟರಲ್ಲಿ ಧಾರಾಳ. ಎಣಿಸಿದರೆ ಎಂದಿನ 46ರ ಬದಲು 45, ಆಳು ಗಟ್ಟಿಮುಟ್ಟು. ವಿಜ್ಞಾನಿ ರಾಬರ್ಟ್‌ಸನ್ 1916ರಲ್ಲಿ ಮಿಡತೆಗಳನ್ನು ನೋಡಿ ವಿವರಿಸಿದ ಬೆಸುಗೆ ಇದೇ.

ಮಾತ್ರಾಗಣಿ: ‘ಮಿಕ್ಕೆಂಟು’ ಭೇಷ್! ಆದರೆ ಲೆಕ್ಕ ಸರಿಯಿರುವುದು ವಾಹಕರ, ಅಂದರೆ ಬೆಸುಗೆ ಹೊತ್ತವರ, ಮೈಯಲ್ಲಿ ಮಾತ್ರ. ಈ 14–21 ಬೆಸುಗೆ ತಾಯಿಯಲ್ಲಿದ್ದರೆ ಮಗುವಿಗೆ ಡೌನ್ ಸಿಂಡ್ರೋಮ್ (21 ಹೆಚ್ಚಾಗಿ ಬಂದು ಆಗುವ ಸ್ಥಿತಿ) ಬರುವ ಸಂಭವ ಶೇ 10–15, ತಂದೆಯಲ್ಲಿದ್ದರೆ ಸುಮಾರು ಶೇ 1. 21ಕ್ಕೆ 21ನ್ನೇ ಬೆಸೆದಿದ್ದರಂತೂ ಹುಟ್ಟುವ ಮಕ್ಕಳಿಗೆಲ್ಲ ಅದೇ. ಆಗ ನಿಮ್ಮ ಪದ್ಯ ನಿಲ್ಲದು.

ಹೊಸಬ: ಅಕ್ರೋಸೆಂಟ್ರಿಕ್ ಛಂದಸ್ಸಿಗೆ ಒಗ್ಗುತ್ತಿಲ್ಲ. ಟೀಲೋಸೆಂಟ್ರಿಕ್ ಅಂತ ಬರೆಯಬಹುದೇ?

ಮಾತ್ರಾಗಣಿ: ಬೇಡಿ. ಮನುಷ್ಯನಲ್ಲಿ ಸಹಜವಾಗಿ ಟೀಲೋಸೆಂಟ್ರಿಕ್, ಅಂದರೆ ತುದಿಯಲ್ಲೇ ಸೆಂಟ್ರೋಮಿಯರ್ ಇರುವುದು, ಇಲ್ಲ. ಬೇಕಿದ್ದರೆ ಇಲಿಯ ಮೇಲೆ ಬರೆಯಿರಿ. ವಿಜ್ಞಾನಿ ಲೆವಾನ್ ಮತ್ತು ಸಂಗಡಿಗರ 1964ರ ಅಳತೆಯಲ್ಲಿ ಉದ್ದ ತೋಳನ್ನು ಗಿಡ್ಡ ತೋಳಿನಿಂದ ಭಾಗಿಸಬೇಕು. 1.7ರವರೆಗೆ ಮೆಟಾಸೆಂಟ್ರಿಕ್, 3ರವರೆಗೆ ಸಬ್‌ಮೆಟಾಸೆಂಟ್ರಿಕ್, 7ರವರೆಗೆ ಸಬ್‌ಟೀಲೋಸೆಂಟ್ರಿಕ್, ಅದರಾಚೆ ಅಕ್ರೋಸೆಂಟ್ರಿಕ್. ಗಿಡ್ಡ ತೋಳೇ ಇಲ್ಲದಿದ್ದರೆ ಭಾಗಾಕಾರವೇ ನಡೆಯದು, ಅದು ಟೀಲೋ. ಒಂದೇ ಮೆಟಾಫೇಸ್ (ವಿಭಜನೆಯ ನಡುಹಂತದ ಕೋಶ) ನೋಡಿ ತೀರ್ಮಾನಿಸಬೇಡಿ, ಚೆನ್ನಾಗಿ ಹರಡಿದ ಹಲವನ್ನು ಅಳೆದು ಸರಾಸರಿ ತೆಗೆಯಿರಿ. ವಿಭಜನೆಯನ್ನು ಆ ಹಂತದಲ್ಲಿ ತಡೆಯುವ ಕಾಲ್ಚಿಸಿನ್ ಹೊತ್ತು ಮೀರಿದರೆ ಕ್ರೋಮೋಸೋಮುಗಳು ಮುದುರಿ ಮೊಂಡಾಗುತ್ತವೆ. ಗಿಡ್ಡ ತೋಳಿನಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಗುಂಪೇ ಬದಲಾಗುತ್ತದೆ. ತುದಿಯ ಸ್ಯಾಟಲೈಟ್ ಗುಂಡನ್ನು ಒಬ್ಬರು ಸೇರಿಸಿ ಇನ್ನೊಬ್ಬರು ಬಿಟ್ಟು ಅಳೆದರೂ ಇದೇ ಗತಿ.

ಕಂದಾಭಿಮಾನಿ: ನನ್ನದು ಬೇರೆ ದಾರಿ, ಕಳೆದದ್ದು ಸೆಂಟ್ರೋಮಿಯರ್:

ಅಂದು ಪೂರ್ವಜರೆರಡು ತುದಿಗೆ ತುದಿ ಬೆಸೆದಿರಲು
ಬಂದುವೆರಡೂ ಸೊಂಟವೊಂದು ಮೈಗೆ
ನಂದಿ ಹೋಗಲ್ಕೊಂದು ಮಿಕ್ಕೊಂದೆ ಎಳೆದಿರಲು
ಒಂದು ಕಳೆದರು ಲೆಕ್ಕ ಕುಂದಲಿಲ್ಲ

ಇದು ನಮ್ಮ 2ನೇ ಕ್ರೋಮೋಸೋಮು, ಪೂರ್ವಜರ ಎರಡು ಕ್ರೋಮೋಸೋಮು ಬೆಸೆದು ಆದದ್ದು. ಚಿಂಪಾಂಜಿಗೆ 48, ನಮಗೆ 46. ಎರಡು ಸೆಂಟ್ರೋಮಿಯರೂ ದುಡಿದರೆ ಕೋಶವಿಭಜನೆಯಲ್ಲಿ ಆಚೆಯೊಂದು ಈಚೆಯೊಂದು ಎಳೆದು ಕ್ರೋಮೋಸೋಮು ಹರಿಯಬಹುದು. ಒಂದು ಸುಮ್ಮನಾದದ್ದರಿಂದ ಬಚಾವು. ನಂದಿದ್ದರ ಕುರುಹು ಉದ್ದ ತೋಳಿನಲ್ಲಿ ಇಂದಿಗೂ ಇದೆ.

ಚಂಪೂಪ್ರಿಯ: ಕಲ್ಪನೆ ನನ್ನದಕ್ಕಿಂತ ಮೇಲು. ಮೂರನೇ ಸಾಲಿನ ‘ಮಿಕ್ಕೊಂದೆ ಎಳೆ’ ವಿಸಂಧಿ, ಸಂಧಿ ಮಾಡದೆ ಬಿಟ್ಟ ದೋಷ. ‘ಮಿಕ್ಕೊಂದೆಯೆಳೆದಿರಲು’ ಎಂದರೂ ಮಾತ್ರೆ ಕೆಡದು.