ಸಹಾಯ ಬೇಕು: ನೇರ ಲ್ಯಾನ್ ಕೇಬಲ್ ಹಾಕಿದರೂ ಸ್ಪೀಡ್ 11 ಎಂಬಿ ದಾಟುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಹಳೇ ಡೆಸ್ಕ್‌ಟಾಪ್‌ನಿಂದ ಹೊಸ ಲ್ಯಾಪ್‌ಟಾಪಿಗೆ ಸುಮಾರು 2 ಟಿಬಿ ಫೈಲ್ ಸಾಗಿಸಬೇಕು. ಪೆನ್ ಡ್ರೈವ್ ಸಹವಾಸ ಸಾಕಾಗಿ, ಮಧ್ಯೆ ರೌಟರ್ ಇಲ್ಲದೆ ಎರಡಕ್ಕೂ ನೇರವಾಗಿ ಲ್ಯಾನ್ ಕೇಬಲ್ ಹಾಕಿದೆ. ಒಂದಕ್ಕೆ 192.168.10.1, ಇನ್ನೊಂದಕ್ಕೆ 192.168.10.2, ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ ಖಾಲಿ. ಪಿಂಗ್ ಬರುತ್ತಿದೆ, ಶೇರ್ ಮಾಡಿದ ಫೋಲ್ಡರ್ ಕಾಣುತ್ತಿದೆ, ಕಾಪಿಯೂ ಆಗುತ್ತಿದೆ. ಆದರೆ ಸೆಕೆಂಡಿಗೆ 11 ಎಂಬಿ, ಅಷ್ಟೇ! ಹೀಗಾದರೆ ಎರಡು ದಿನ ಬೇಕು, ನಡುವೆ ಕರೆಂಟ್ ಹೋದರೆ ಮುಗಿಯಿತು ಕಥೆ.

ಎರಡರದೂ ಗಿಗಾಬಿಟ್ ಪೋರ್ಟ್ (ಸೆಕೆಂಡಿಗೆ 1000 ಮೆಗಾಬಿಟ್, ಅಂದರೆ 1 ಜಿಬಿಪಿಎಸ್), ಸೆಕೆಂಡಿಗೆ 110 ಎಂಬಿ ಆಸುಪಾಸು ಬರಬೇಕು ಅಲ್ವಾ? ಡಿಸ್ಕ್ ನಿಧಾನ ಇರಬಹುದು ಅಂತ ಎಸ್‌ಎಸ್‌ಡಿಯಿಂದ ಎಸ್‌ಎಸ್‌ಡಿಗೆ ಹಾಕಿ ನೋಡಿದೆ, ವೈಫೈ ಆಫ್ ಮಾಡಿದೆ, ಡ್ರೈವರ್ ಅಪ್‌ಡೇಟ್ ಮಾಡಿದೆ, ಏನೂ ಬದಲಾಗಲಿಲ್ಲ. ಅಡಾಪ್ಟರ್ ಸ್ಟೇಟಸ್‌ನಲ್ಲಿ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್, ಅಂದರೆ ಹೆಚ್ಚೆಂದರೆ 12 ಎಂಬಿ ಚಿಲ್ಲರೆ) ಅಂತಲೇ ತೋರಿಸುತ್ತದೆ. ಸೆಟ್ಟಿಂಗ್‌ನಲ್ಲಿ 1 ಜಿಬಿಪಿಎಸ್ ಆರಿಸಿದರೆ ಲಿಂಕೇ ಕಡಿದು ಹೋಗುತ್ತದೆ, ಪೋರ್ಟಿನ ಲೈಟೂ ಆರುತ್ತದೆ.

ಗೆಳೆಯನೊಬ್ಬ ಕ್ರಾಸ್‌ಓವರ್ ಕೇಬಲ್ (ಒಂದು ತುದಿಯಲ್ಲಿ ತಂತಿಗಳನ್ನು ಅದಲುಬದಲು ಮಾಡಿ ಜೋಡಿಸಿದ್ದು) ತಗೋ ಅನ್ನುತ್ತಾನೆ. ಗಿಗಾಬಿಟ್ ಪೋರ್ಟ್‌ಗಳು ಆ ಅದಲುಬದಲನ್ನು ತಾವೇ ಮಾಡಿಕೊಳ್ಳುತ್ತವೆ, ಹಾಗಾಗಿ ಸುಮ್ನೆ ದುಡ್ಡು ದಂಡ. ನನ್ನ ಅನುಮಾನ ಬೇರೆ. ಕೇಬಲ್ ಮೇಲೆ ಕ್ಯಾಟ್ 5ಇ (ಗಿಗಾಬಿಟ್‌ಗೆ ಸಾಕಾಗುವ ದರ್ಜೆ) ಅಂತಿದೆ, ಪ್ಲಗ್ ಮಾತ್ರ ಅಂಗಡಿಯಲ್ಲಿ ಒತ್ತಿಸಿದ್ದು. ಬೆಳಕಿಗೆ ಹಿಡಿದರೆ ನೀಲಿ ತಂತಿ ತುದಿವರೆಗೆ ಮುಟ್ಟಿಲ್ಲ ಅನಿಸುತ್ತದೆ. 100 ಎಂಬಿಪಿಎಸ್‌ಗೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಆದರೆ ಡೆಸ್ಕ್‌ಟಾಪ್ ಪೋರ್ಟಿನ ಒಂದು ಪಿನ್ ಕೂಡ ಸ್ವಲ್ಪ ಒಳಗೆ ಕೂತಂತಿದೆ.

ತಪ್ಪು ಕೇಬಲ್‌ನದೋ ಪೋರ್ಟಿನದೋ ಅಂತ ಕೇಬಲ್ ಟೆಸ್ಟರ್ ಇಲ್ಲದೆ ಮನೆಯಲ್ಲೇ ಪತ್ತೆ ಮಾಡುವುದು ಹೇಗೆ? ಪೋರ್ಟೇ ಹೋಗಿದ್ದರೆ ಯುಎಸ್‌ಬಿ 3.0 ಲ್ಯಾನ್ ಅಡಾಪ್ಟರ್ ಹಾಕಿದರೆ ಪೂರ್ತಿ ಸ್ಪೀಡ್ ಸಿಗುತ್ತದಾ?