ಅಮೆರಿಕದ ಹೈಸ್ಕೂಲ್ ನಿಜವಾಗಿ ಸಿನಿಮಾದ ಥರ ಇರುತ್ತದಾ? ಮಕ್ಕಳನ್ನು ಓದಿಸಿದವರು ಹೇಳಿ

ಬಸವನಗುಡಿ ಗೃಹಿಣಿ: ಯಜಮಾನರಿಗೆ ಅಮೆರಿಕದ ಕೆಲಸದ ವೀಸಾ ಎಚ್-1ಬಿ ಆಗಿದೆ, ಜುಲೈನಲ್ಲಿ ಟೆಕ್ಸಾಸ್‌ನ ಡಾಲಸ್‌ಗೆ ಹೊರಡುತ್ತೇವೆ. ಮಗಳು ಸಿಬಿಎಸ್‌ಇ ಒಂಬತ್ತನೇ ಕ್ಲಾಸ್, ಗಣಿತ ಸ್ವಲ್ಪ ವೀಕು. ಸಿನಿಮಾ ನೋಡಿ ನೋಡಿ ಅವಳ ತಲೆಯಲ್ಲಿ ಲಾಕರ್, ಚಿಯರ್‌ಲೀಡರ್, ಪ್ರಾಮ್ ಡ್ಯಾನ್ಸ್ ಪಾರ್ಟಿ ಬಿಟ್ಟರೆ ಬೇರೇನಿಲ್ಲ. ಊಟದ ಹೊತ್ತಿಗೆ ಒಬ್ಬಳೇ ಕೂರಬೇಕಾಗುತ್ತದೇನೋ ಅನ್ನೋ ಭಯ ಬೇರೆ. ಹತ್ತನೇ ಕ್ಲಾಸ್ ಇಲ್ಲೇ ಮುಗಿಸಿ ಹೋಗೋದು ಒಳ್ಳೆಯದಾ?

ಪ್ಲೇನೋ ಅಮ್ಮ: ಸಿನಿಮಾ ಆಮೇಲೆ, ಮೊದಲು ಫೈಲ್ ರೆಡಿ ಮಾಡಿ ಮೇಡಂ. ಸಿನಿಮಾದಲ್ಲಿ ಹೊಸ ಹುಡುಗ ಬಂದ ದಿನವೇ ಕಾರಿಡಾರ್‌ನಲ್ಲಿ ಹೀರೋ ಆಗುತ್ತಾನೆ. ನನ್ನ ಮಗ ಕಾರಿಡಾರ್ ನೋಡುವ ಹೊತ್ತಿಗೆ ಸ್ಕೂಲ್ ಶುರುವಾಗಿ ಎಷ್ಟೋ ದಿನ ಆಗಿತ್ತು. ಟಿಬಿ ಸ್ಕಿನ್ ಟೆಸ್ಟ್ ಮಾಡಿದರು, ಕೈ ಊದಿಕೊಂಡಿತು. ನಮ್ಮ ಮಕ್ಕಳಿಗೆ ಹುಟ್ಟಿದಾಗಲೇ ಟಿಬಿ ಲಸಿಕೆ ಬಿಸಿಜಿ ಹಾಕಿಸಿರುತ್ತೇವಲ್ಲ, ಅದರಿಂದಲೂ ಹಾಗಾಗುತ್ತದೆ. ನರ್ಸ್ ಕೇಳಬೇಕಲ್ಲ, ಎಕ್ಸ್‌ರೇ ತನ್ನಿ ಅಂದರು. ಇನ್ಶೂರೆನ್ಸ್ ಕಾರ್ಡ್ ಇನ್ನೂ ಬಂದಿರಲಿಲ್ಲ, ಕೈಯಿಂದ 240 ಡಾಲರ್ ಹೋಯಿತು. ನೀವು ಬ್ಲಡ್ ಟೆಸ್ಟೇ ಕೇಳಿ, ಅದಕ್ಕೆ ಬಿಸಿಜಿ ಅಡ್ಡ ಬರುವುದಿಲ್ಲ.

ಆಮೇಲೆ ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಅಂತ ಒಂದು ಫಾರಂ. ಕನ್ನಡ ಅಂತ ಬರೆದೆವು. ಅಷ್ಟಕ್ಕೇ ಅವನಿಗೆ ಇಂಗ್ಲಿಷ್ ಪರೀಕ್ಷೆ! ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದ ಹುಡುಗನಿಗೆ ಚಿತ್ರ ತೋರಿಸಿ ಇದೇನು ಹೇಳು ಅಂದರಂತೆ.

ಗಣಿತದ ಕಥೆ ಇನ್ನೂ ದೊಡ್ಡದು. ನಮ್ಮಲ್ಲಿ ಬೀಜಗಣಿತ, ರೇಖಾಗಣಿತ ಎಲ್ಲ ಒಂದೇ ಪುಸ್ತಕ. ಅಲ್ಲಿ ಆಲ್ಜೀಬ್ರಾ 1 ಒಂದು ವರ್ಷ, ಜಾಮಿಟ್ರಿ ಒಂದು ವರ್ಷ, ಆಲ್ಜೀಬ್ರಾ 2 ಇನ್ನೊಂದು ವರ್ಷ. ಮಾರ್ಕ್ಸ್ ಕಾರ್ಡ್‌ನಲ್ಲಿ ಬರೀ ಮ್ಯಾಥ್ಸ್ ಅಂತ ಇದ್ದರೆ ಯಾವುದಕ್ಕೆ ಕ್ರೆಡಿಟ್ ಕೊಡುವುದು ಅಂತ ಕೌನ್ಸೆಲರ್‌ಗೆ ಗೊತ್ತಾಗಲಿಲ್ಲ. ನೋಡೋಣ ನೋಡೋಣ ಅಂತ ಮೂಗಿಗೆ ತುಪ್ಪ ಸವರಿ, ಕೊನೆಗೆ ಆಲ್ಜೀಬ್ರಾ 1ಕ್ಕೆ ತಳ್ಳಿದರು. ಪರೀಕ್ಷೆ ಬರೆದು ಮೇಲಿನ ಕ್ಲಾಸಿಗೆ ಹಾರಬಹುದು, ಆದರೆ 80 ತೆಗೆಯಬೇಕು. ಇವನಿಗೆ 78 ಬಂತು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಒಂಬತ್ತನೇ ಕ್ಲಾಸಿನ ಪಾಠದ ಪಟ್ಟಿಗೆ ಸ್ಕೂಲಿನ ಸೀಲ್ ಹಾಕಿಸಿ ತನ್ನಿ.

ಸಿನಿಮಾದಲ್ಲಿ ತೋರಿಸದ ಖರ್ಚು ಬೇಕಾ? ಹೋಮ್‌ಕಮಿಂಗ್ ಅಂತ ಸ್ಕೂಲಿನ ಫುಟ್‌ಬಾಲ್ ಹಬ್ಬ ಬಂದರೆ ಟೆಕ್ಸಾಸ್‌ನಲ್ಲಿ ಹುಡುಗಿಯರು ಮಮ್ ಅಂತ ಕಟ್ಟಿಕೊಳ್ಳುತ್ತಾರೆ. ಬಟ್ಟೆಯ ಸೇವಂತಿಗೆ, ಕೆಳಗೆ ಮೊಣಕಾಲು ದಾಟುವ ರಿಬ್ಬನ್, ನಡುವೆ ಟೆಡ್ಡಿ ಗೊಂಬೆ, ದನದ ಕೊರಳಿಗೆ ಕಟ್ಟಿದ ಹಾಗೆ ಗಂಟೆ. ಹುಡುಗರಿಗೆ ತೋಳಿಗೆ ಕಟ್ಟುವ ಚಿಕ್ಕದು. ಇವನ ಫ್ರೆಂಡ್ ಹುಡುಗಿಗೆ ಇವನೇ ಕೊಡಿಸಬೇಕಂತೆ. 160 ಡಾಲರ್, ಅದೂ ಒಂದು ದಿನಕ್ಕೆ.

ಫ್ರೀಮಾಂಟ್ ಅಪ್ಪ: ಟೆಕ್ಸಾಸ್ ಒಂದೇ ಅಮೆರಿಕ ಅಲ್ಲ ರೀ. ನಮ್ಮ ಕ್ಯಾಲಿಫೋರ್ನಿಯಾ ಕಡೆ ಸೇವಂತಿಗೆಯೂ ಇಲ್ಲ, ಎಷ್ಟೋ ಸ್ಕೂಲುಗಳಲ್ಲಿ ಲಾಕರೇ ಇಲ್ಲ. ಹೆಗಲ ಮೇಲೆ ಬ್ಯಾಗ್, ಬಿಸಿಲಲ್ಲಿ ಬೆಂಚಿನ ಮೇಲೆ ಊಟ. ಫುಟ್‌ಬಾಲ್ ಟೀಮ್ ಗೆದ್ದಿದ್ದು ಕ್ಲಾಸಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಯಾರು ಎಷ್ಟು ಎಪಿ, ಅಂದರೆ ಕಾಲೇಜು ಮಟ್ಟದ ಕೋರ್ಸು, ತಗೊಂಡರು ಅನ್ನೋದು ಮಾತ್ರ ಎಲ್ಲರಿಗೂ ಗೊತ್ತು. ಒಂದೊಂದು ಎಪಿ ಪರೀಕ್ಷೆಗೆ ಸುಮಾರು 100 ಡಾಲರ್. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದವರು ಪ್ರವೇಶಕ್ಕೆ ಎಸ್‌ಎಟಿ ಪರೀಕ್ಷೆ ನೋಡುವುದೇ ಇಲ್ಲ, ಸರಾಸರಿ ಗ್ರೇಡ್ ಅಂದರೆ ಜಿಪಿಎಗೆ ಹಿಡಿಯುವುದು ಹತ್ತು, ಹನ್ನೊಂದನೇ ಕ್ಲಾಸಿನ ಗ್ರೇಡ್. ನನ್ನ ಮಗಳು ಹತ್ತನೇ ಕ್ಲಾಸಿನಲ್ಲಿ ಕೆಮಿಸ್ಟ್ರಿಯಲ್ಲಿ ಒಂದು ಬಿ ತಂದಳು, ಮನೆಯಲ್ಲಿ ಸೂತಕ.

ಇನ್ನು ಕಾರು. ಸಿನಿಮಾದಲ್ಲಿ ಐದು ಜನ ಹುಡುಗರು ತುಂಬಿಕೊಂಡು ಬೀಚಿಗೆ ಹೋಗುತ್ತಾರಲ್ಲ, ಇಲ್ಲಿ ಲೈಸೆನ್ಸ್ ಸಿಕ್ಕ ಮೊದಲ ವರ್ಷ 20 ತುಂಬದವರನ್ನು ಕೂರಿಸಿಕೊಳ್ಳುವ ಹಾಗೇ ಇಲ್ಲ, ಕೂರಿಸಿಕೊಳ್ಳಬೇಕಾದರೆ ಪಕ್ಕದಲ್ಲಿ ಲೈಸೆನ್ಸ್ ಇರುವ 25 ತುಂಬಿದವರು ಇರಬೇಕು. ರಾತ್ರಿ 11ರ ಮೇಲೆ ಒಬ್ಬರೇ ಓಡಿಸುವಂತಿಲ್ಲ. ಅವಳ ಹೆಸರು ಸೇರಿಸಿದ ತಿಂಗಳು ನಮ್ಮ ಇನ್ಶೂರೆನ್ಸ್ ಹೆಚ್ಚುಕಮ್ಮಿ ಎರಡರಷ್ಟಾಯಿತು.

ಪ್ಲೇನೋ ಅಮ್ಮ, ಆ ಫಾರಂನಲ್ಲಿ ಇಂಗ್ಲಿಷ್ ಅಂತ ಬರೆದಿದ್ದರೆ ಮುಗಿಯುತ್ತಿತ್ತು. ಸ್ವಲ್ಪ ವ್ಯವಹಾರ ಜ್ಞಾನ ಬೇಕು.

ಪ್ಲೇನೋ ಅಮ್ಮ: ಮನೆಯಲ್ಲಿ ಕನ್ನಡ ಮಾತಾಡುತ್ತೇವೆ, ಕನ್ನಡ ಅಂತಲೇ ಬರೆಯುತ್ತೇವೆ. ಮಕ್ಕಳ ಎದುರಿಗೆ ಸುಳ್ಳು ಬರೆಯುವ ವ್ಯವಹಾರ ಜ್ಞಾನ ನಿಮಗೇ ಇರಲಿ. ರಾಜ್ಯೋತ್ಸವಕ್ಕೆ ಮಾತ್ರ ಶಾಲು ಹೊದ್ದುಕೊಳ್ಳುವವರು ಇಲ್ಲೂ ಬೇಕಾದಷ್ಟು ಜನ ಇದ್ದಾರೆ.

ಫ್ರೀಮಾಂಟ್ ಅಪ್ಪ: ನನ್ನ ಮಗಳು ಕನ್ನಡ ಓದಿ ಬರೆಯುತ್ತಾಳೆ. ನಿಮ್ಮ ಮಗ?

ನ್ಯೂಜೆರ್ಸಿ ಎಚ್4 ಹುಡುಗಿ: ಅಂಕಲ್, ಆಂಟಿ, ಸಾಕು. ಅಲ್ಲಿ ಓದಿದವಳು ನಾನು, ನಾನು ಹೇಳುತ್ತೇನೆ. ಊಟಕ್ಕೆ ಒಬ್ಬಳೇ ಕೂರುವುದು ನಿಜ, ಸ್ವಲ್ಪ ದಿನ. ಆದರೆ ಯಾರೂ ತಟ್ಟೆ ತಳ್ಳಿ ನಗುವುದಿಲ್ಲ. ನಿಮ್ಮನ್ನು ನೋಡುವುದೇ ಇಲ್ಲ, ಅದೇ ಕಷ್ಟ. ನಾನು ಆರ್ಕೆಸ್ಟ್ರಾ ರೂಮಿನಲ್ಲಿ ಚಿತ್ರಾನ್ನ ತಿನ್ನುತ್ತಿದ್ದೆ, ಅಲ್ಲೇ ಫ್ರೆಂಡ್ಸ್ ಆದರು. ಪಿಟೀಲು ಗೊತ್ತಿದ್ದರೆ ಬಿಡಿಸಬೇಡಿ.

ಬಂದೂಕು ಹಿಡಿದವನು ಸ್ಕೂಲಿಗೆ ನುಗ್ಗಿದರೆ ಏನು ಮಾಡಬೇಕು ಅನ್ನೋ ಲಾಕ್‌ಡೌನ್ ಡ್ರಿಲ್ ಸಿನಿಮಾದವರು ಎಲ್ಲಿ ತೋರಿಸುತ್ತಾರೆ? ನಮ್ಮ ರಾಜ್ಯದಲ್ಲಿ ತಿಂಗಳಿಗೊಂದು ಫೈರ್ ಡ್ರಿಲ್, ಒಂದು ಸೆಕ್ಯೂರಿಟಿ ಡ್ರಿಲ್ ಕಾನೂನೇ ಇದೆ. ಲೈಟ್ ಆರಿಸಿ, ಬಾಗಿಲು ಹಾಕಿ, ಕಿಟಕಿಗೆ ಕಾಣದ ಮೂಲೆಯಲ್ಲಿ ಎಲ್ಲರೂ ನೆಲದ ಮೇಲೆ. ಹೊರಗಿನಿಂದ ಯಾರೋ ಬಾಗಿಲ ಹಿಡಿ ಅಲ್ಲಾಡಿಸಿ ನೋಡುತ್ತಾರೆ. ಮೊದಲನೇ ಸಲ ಅದು ಡ್ರಿಲ್ ಅಂತ ನನಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು. ಸಿನಿಮಾದ ಹುಡುಗಿಯರೆಲ್ಲ ಐಸ್‌ಕ್ರೀಮ್ ಅಂಗಡಿಯಲ್ಲಿ ಪಾರ್ಟ್‌ಟೈಮ್ ಮಾಡುತ್ತಾರೆ. ಎಚ್4 ಅಂದರೆ ಎಚ್-1ಬಿಯವರ ಮನೆಯವರಿಗೆ ಕೊಡುವ ವೀಸಾ, ಅದರಲ್ಲಿರುವ ಮಕ್ಕಳು ಕೆಲಸ ಮಾಡುವಂತಿಲ್ಲ. ಫ್ರೆಂಡ್ಸ್ ಎಲ್ಲ ಸ್ವಂತ ದುಡ್ಡಿನಲ್ಲಿ ಪ್ರಾಮ್ ಟಿಕೆಟ್ ತಗೊಂಡರು, ನಾನು ಅಪ್ಪನ ಮುಂದೆ ಕೈ ಚಾಚಿದೆ. ಕಾಲೇಜಿಗೆ ಕೇಂದ್ರ ಸರ್ಕಾರದ ನೆರವೂ ಎಚ್4ಗೆ ಇಲ್ಲ. 21 ತುಂಬಿದರೆ ಎಚ್4 ಮುಗಿಯಿತು, ಎಫ್-1 ವಿದ್ಯಾರ್ಥಿ ವೀಸಾ ಮಾಡಿಸಿಕೊಳ್ಳಿ. ಹುಟ್ಟಿದಹಬ್ಬದ ಕೇಕ್ ಕತ್ತರಿಸುವಾಗ ಅಮ್ಮ ಲಾಯರ್ ಜೊತೆ ಫೋನಿನಲ್ಲಿದ್ದರು.

ಫ್ರೀಮಾಂಟ್ ಅಪ್ಪ: ಮೊದಲೇ ಪ್ಲಾನ್ ಮಾಡಿ ಗ್ರೀನ್‌ಕಾರ್ಡ್ ಫೈಲ್ ಮಾಡಿದ್ದರೆ ಇದೆಲ್ಲ ಬರುವುದಿಲ್ಲ ಮರಿ.

ನ್ಯೂಜೆರ್ಸಿ ಎಚ್4 ಹುಡುಗಿ: ನಮ್ಮಪ್ಪ ನಾನು ಆರನೇ ಕ್ಲಾಸಿನಲ್ಲಿದ್ದಾಗ ಫೈಲ್ ಮಾಡಿದರು ಅಂಕಲ್. ಭಾರತದಲ್ಲಿ ಹುಟ್ಟಿದವರಿಗೆ ಕೆಲಸದ ಮೇಲೆ ಕೊಡುವ ಗ್ರೀನ್‌ಕಾರ್ಡಿನ ಇಬಿ-2, ಇಬಿ-3 ಕ್ಯೂ ಹತ್ತು ವರ್ಷಕ್ಕೂ ಜಾಸ್ತಿ. ನಿಮ್ಮದು ಯಾವ ಕಾಲದಲ್ಲಿ ಬಂತು ಅಂತ ಸ್ವಲ್ಪ ಹೇಳಿ ನೋಡೋಣ.

ಮೈಸೂರಿಗೆ ವಾಪಸ್ ಬಂದವನು: ವಾಪಸ್ ಬರುವ ಯೋಚನೆ ಏನಾದರೂ ಇದ್ದರೆ ಕೆಸಿಇಟಿ ನೆನಪಿಡಿ. ಸರ್ಕಾರಿ ಕೋಟಾಕ್ಕೆ ಸಾಮಾನ್ಯವಾಗಿ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು. ನನ್ನ ಮಗ ಅಲ್ಲಿ ಮಾರ್ಚಿಂಗ್ ಬ್ಯಾಂಡ್‌ನಲ್ಲಿ ಟ್ರಂಪೆಟ್ ಊದುತ್ತಿದ್ದ. ಯೂನಿಫಾರ್ಮು, ಕ್ಯಾಂಪು, ಬಸ್ಸು ಸೇರಿ ವರ್ಷಕ್ಕೆ 1,100 ಡಾಲರ್ ಕಟ್ಟಿದ್ದೆ. ಇಲ್ಲಿ ಪಿಯು ಕಾಲೇಜಿನಲ್ಲಿ ಕಾಂಬಿನೇಷನ್ ಯಾವುದು ಅಂದರು, ಟ್ರಂಪೆಟ್ ಅಟ್ಟದ ಮೇಲಿದೆ.

ಪ್ಲೇನೋ ಅಮ್ಮ: 1,100 ಜಾಸ್ತಿ ಆಯಿತು. ನಮ್ಮ ಕಡೆ 800 ಒಳಗೆ ಮುಗಿಯುತ್ತದೆ.

ಮೈಸೂರಿಗೆ ವಾಪಸ್ ಬಂದವನು: ಶೂ ಸೇರಿಸಿ ಹೇಳಿದ್ದೀರಾ, ಬಿಟ್ಟಾ?

ಬಸವನಗುಡಿ ಗೃಹಿಣಿ: ಎಲ್ಲರಿಗೂ ಥ್ಯಾಂಕ್ಸ್. ಪಾಠದ ಪಟ್ಟಿಗೆ ಸೀಲ್ ಹಾಕಿಸೋಕೆ ಸ್ಕೂಲಿನಲ್ಲಿ ಕೇಳಿದೆ, ಅಂಥದ್ದೆಲ್ಲ ಕೊಡಲ್ಲ ಅಂದರು. ಹತ್ತನೇ ಕ್ಲಾಸ್ ವಿಷಯ ಯಾರೂ ಹೇಳಲಿಲ್ಲ?

ಪ್ಲೇನೋ ಅಮ್ಮ: ಶೂ ಬಿಟ್ಟು. ಶೂ 45.