ಸ್ಪರ್ಧೆಗೆ ಎಷ್ಟು ಕಠಿಣವಾದ ಕೃತಿಯನ್ನು ಆರಿಸಬೇಕು?

ಪ್ರಶ್ನೆ (ಪುಣೆ):
ಮಾನ್ಯರೇ, ನಮ್ಮ ಹವ್ಯಾಸಿ ಬ್ರಾಸ್ ಬ್ಯಾಂಡಿನಲ್ಲಿ (ಹಿತ್ತಾಳೆಯ ಊದುವಾದ್ಯಗಳ ತಂಡ) ಮೇಲಿನ ಸ್ವರಗಳ ಕಾರ್ನೆಟ್ ನುಡಿಸುವವರು ಪಳಗಿದವರು, ಆದರೆ ಕೆಳಸ್ವರಗಳ ದೊಡ್ಡ ವಾದ್ಯಗಳಾದ ಯುಫೋನಿಯಂ ಮತ್ತು ಟ್ಯೂಬಾ ನುಡಿಸುವವರು ಇನ್ನೂ ಹೊಸಬರು. ಸ್ಪರ್ಧೆಗೆ ಕಠಿಣವಾದ ಕೃತಿಯನ್ನೇ ಆರಿಸಬೇಕೇ, ಅಥವಾ ಸರಳವಾದುದನ್ನು ಚೊಕ್ಕವಾಗಿ ನುಡಿಸುವುದು ಮೇಲೇ?

ಉತ್ತರ (ಮಡಗಾಂವ್):
ಸರ್, ಹೊಸಬರ ಭಾಗವನ್ನೇ ಮೊದಲು ಓದಿ ನೋಡಿ. ಟ್ಯೂಬಾ ತಡವರಿಸಿದರೆ ಇಡೀ ಬ್ಯಾಂಡಿನ ಶ್ರುತಿಯೂ ಲಯವೂ ಸಡಿಲಗೊಳ್ಳುತ್ತವೆ, ಅದನ್ನು ಎಷ್ಟು ಒಳ್ಳೆಯ ಕಾರ್ನೆಟ್ ವಾದನವೂ ಮುಚ್ಚಲಾರದು. ಬಳಿಕ ಕೃತಿಯನ್ನು ಎಲ್ಲಿಯೂ ನಿಲ್ಲಿಸದೆ ಕೊನೆಯವರೆಗೆ ನುಡಿಸಿ. ತುಟಿಗಳು ದಣಿದಾಗ ಮೇಲಿನ ಸ್ವರಗಳು ಒಡೆಯುತ್ತವೆ, ಆದ್ದರಿಂದ ಕೊನೆಯ ಪುಟದಲ್ಲಿ ಅಂಥ ಸ್ವರಗಳು ಎಷ್ಟಿವೆ ಎಂಬುದನ್ನು ಅಗತ್ಯವಾಗಿ ಗಮನಿಸಿ.

ಉತ್ತರ (ದಾದರ್, ಮುಂಬೈ):
ಬ್ರಿಟನ್ನಿನಲ್ಲಿ ಬ್ಯಾಂಡುಗಳನ್ನು ಸಾಮರ್ಥ್ಯಕ್ಕೆ ತಕ್ಕಂತೆ ವಿಭಾಗಿಸಿ, ಪ್ರತಿ ವಿಭಾಗಕ್ಕೂ ಬೇರೆ ಬೇರೆ ಕೃತಿಗಳನ್ನು ಗೊತ್ತುಪಡಿಸುವ ಪದ್ಧತಿ ಇದೆ. ನಮಗೂ ಅದು ಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಇಂಗ್ಲಿಷ್ ಸಂಗೀತ ರಚನಕಾರ ಗುಸ್ಟಾವ್ ಹೋಲ್ಸ್ಟ್ ಬ್ರಿಟನ್ನಿನ 1928ರ ರಾಷ್ಟ್ರೀಯ ಬ್ರಾಸ್ ಬ್ಯಾಂಡ್ ಸ್ಪರ್ಧೆಗೆಂದೇ ರಚಿಸಿದ ‘ಎ ಮೂರ್‌ಸೈಡ್ ಸ್ವೀಟ್’ ಕೃತಿಯ ನಡುವಿನ ಭಾಗ ನಿಧಾನಗತಿಯದು. ಅಲ್ಲಿ ಪರೀಕ್ಷೆಗೊಳಗಾಗುವುದು ಬೆರಳಿನ ವೇಗವಲ್ಲ, ಉಸಿರಿನ ಹಿಡಿತ. ವೇಗವನ್ನೇ ಕಷ್ಟವೆಂದು ಭಾವಿಸಿ ಆರಿಸಬೇಡಿ.

ಪ್ರಶ್ನೆ ಕೇಳಿದವರು (ಪುಣೆ):
ಇಬ್ಬರಿಗೂ ಧನ್ಯವಾದಗಳು. ಭಾನುವಾರದ ತಾಲೀಮಿನಲ್ಲಿ ಟ್ಯೂಬಾ ಮತ್ತು ಯುಫೋನಿಯಂ ಭಾಗಗಳನ್ನಷ್ಟೇ ಮೊದಲು ನುಡಿಸಿ ನೋಡುತ್ತೇವೆ.